ಏಳು ದಿನದಲ್ಲಿ ಮನೆ ಖಾಲಿ ಮಾಡಿ ಅಂತ ನೋಟಿಸ್ ಬಂದಿದೆ, ಫ್ರೀ ಲಾಯರ್ ಎಲ್ಲಿ ಸಿಗುತ್ತಾರೆ?

ಪ್ರಶ್ನೆ: ನಾವು ಬೆಂಗಳೂರಿನ ಲಗ್ಗೆರೆಯಲ್ಲಿ ಮೂರು ವರ್ಷದಿಂದ ಬಾಡಿಗೆಗೆ ಇದ್ದೇವೆ. ಬಾಡಿಗೆ 11,000, ಅಡ್ವಾನ್ಸ್ 80,000. 11 ತಿಂಗಳ ಅಗ್ರಿಮೆಂಟ್ ಮುಗಿದು ಬಹಳ ದಿನ ಆಯಿತು, ಹೊಸದು ಮಾಡಿಸಿಲ್ಲ. ಬಾಡಿಗೆ ಮಾತ್ರ ತಪ್ಪದೆ ಫೋನ್‌ಪೇನಲ್ಲಿ ಕಟ್ಟುತ್ತಿದ್ದೇವೆ. ಈಗ ಓನರ್ ಮನೆ ಒಡೆದು ಹೊಸದು ಕಟ್ಟಿಸುತ್ತಾರಂತೆ. ಏಳು ದಿನದಲ್ಲಿ ಖಾಲಿ ಮಾಡಿ, ಇಲ್ಲದಿದ್ದರೆ ಬೀಗ ಹಾಕುತ್ತೇವೆ ಅಂತ ಅವರ ಲಾಯರ್ ವಾಟ್ಸಾಪಿನಲ್ಲಿ ನೋಟಿಸ್ ಕಳಿಸಿದ್ದಾರೆ. ಎರಡು ದಿನದಿಂದ ನೀರಿನ ಮೋಟಾರ್ ಹಾಕುತ್ತಿಲ್ಲ. ನಾನು ಗಾರ್ಮೆಂಟ್ಸಿಗೆ ಹೋಗುತ್ತೇನೆ, ನಮ್ಮ ಯಜಮಾನರು ಆಟೋ ಓಡಿಸುತ್ತಾರೆ, ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ. ಆನ್‌ಲೈನಿನಲ್ಲಿ ಫ್ರೀ ಲಾಯರ್ ಅಂತ ಹುಡುಕಿದರೆ ಮೊದಲು 499 ಕಟ್ಟಿ ಅನ್ನುತ್ತಾರೆ. ನಿಜವಾಗಲೂ ಫ್ರೀಯಾಗಿ ಸಹಾಯ ಮಾಡುವವರು ಇದ್ದಾರಾ?

ಉತ್ತರ: ಇದ್ದಾರೆ. ಆ 499 ಕಟ್ಟಬೇಡಿ. ನಾಳೆ ಬೆಳಿಗ್ಗೆ 15100ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ, ಅಂದರೆ ನಾಲ್ಸಾದ ಸಹಾಯವಾಣಿ. ನೀವು ಹೆಣ್ಣುಮಗಳು, ಆದ್ದರಿಂದ ನಿಮಗೆ ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗಬೇಕು. ನಿಮ್ಮ ಸಂಬಳ ಎಷ್ಟು ಅಂತ ನೋಡುವ ಹಾಗೇ ಇಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್‌ನಲ್ಲಿ ಇದು ಸ್ಪಷ್ಟವಾಗಿದೆ: ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ಇವರಿಗೆಲ್ಲ ಆದಾಯದ ಮಿತಿ ಇಲ್ಲ. ನೀವು ಗಾರ್ಮೆಂಟ್ಸಿನಲ್ಲಿ ಕೆಲಸ ಮಾಡುತ್ತಿರುವುದರಿಂದ ಕಾರ್ಮಿಕರ ಲೆಕ್ಕದಲ್ಲೂ ಬರುತ್ತೀರಿ. ಉಳಿದವರಿಗೆ ಮಾತ್ರ ಕರ್ನಾಟಕದಲ್ಲಿ ವರ್ಷಕ್ಕೆ 3 ಲಕ್ಷ ರೂಪಾಯಿಯ ಮಿತಿ.

ಇದು ಯಾರೋ ದೊಡ್ಡ ಮನಸ್ಸು ಮಾಡಿ ಕೊಡುವ ದಾನ ಅಲ್ಲ, ನಿಮ್ಮ ಹಕ್ಕು. ಎಷ್ಟೋ ಹೆಣ್ಣುಮಕ್ಕಳು ಇದು ಗೊತ್ತಿಲ್ಲದೆ ಸರ ಅಡ ಇಟ್ಟು ಲಾಯರ್ ಫೀಸ್ ಕಟ್ಟುತ್ತಾರೆ, ಇಲ್ಲವೇ ಹೆದರಿ ರಾತ್ರೋರಾತ್ರಿ ಮನೆ ಖಾಲಿ ಮಾಡಿ ಅಡ್ವಾನ್ಸ್ ಕಳೆದುಕೊಳ್ಳುತ್ತಾರೆ. ಅದನ್ನು ನೋಡಿ ನೋಡಿ ಸಂಕಟ ಆಗುತ್ತದೆ, ಅದಕ್ಕೇ ಈ ಉತ್ತರ ಸ್ವಲ್ಪ ಉದ್ದ.

ಮೊದಲು ಆ ಏಳು ದಿನದ ಭಯ ಬಿಡಿ. ವಕೀಲರ ನೋಟಿಸ್ ಕೋರ್ಟ್ ಆದೇಶ ಅಲ್ಲ. ಅದು ಓನರ್ ಪರವಾಗಿ ವಕೀಲರು ಬರೆದ ಪತ್ರ, ಅಷ್ಟೇ. ನೀವು ಒಪ್ಪದಿದ್ದರೆ ಅವರು ಕೋರ್ಟಿಗೆ ಹೋಗಬೇಕು, ನಿಮಗೆ ಸಮನ್ಸ್ ಬರಬೇಕು, ನಿಮ್ಮ ಮಾತು ಕೇಳಬೇಕು, ಆಮೇಲೆ ತೀರ್ಪು. ಅದಾದ ಮೇಲೂ ಮನೆ ಬಿಡಿಸಬೇಕಾದವರು ಕೋರ್ಟಿನ ಅಮೀನರು, ಓನರ್ ಕಡೆಯ ಹುಡುಗರಲ್ಲ. ನೆಲೆ ನಿಂತು ವಾಸವಿರುವವರನ್ನು, ಅವರಿಗೆ ಅಲ್ಲಿರುವ ಹಕ್ಕು ಇಲ್ಲ ಅಂತಲೇ ಇಟ್ಟುಕೊಂಡರೂ, ಮಾಲೀಕರು ಕಾನೂನಿನ ದಾರಿಯಲ್ಲದೆ ಹೊರಗೆ ಹಾಕುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಕೃಷ್ಣ ರಾಮ್ ಮಹಾಲೆ ಪ್ರಕರಣದಲ್ಲಿ ಹೇಳಿದೆ. ನಮ್ಮ ಕರ್ನಾಟಕದಿಂದಲೇ ಹೋದ ರಾಮೇಗೌಡ ಪ್ರಕರಣದಲ್ಲೂ ಸ್ವಾಧೀನದ ಬಗ್ಗೆ ಇದೇ ತತ್ವ ಎತ್ತಿ ಹಿಡಿದಿದೆ. ಅಗ್ರಿಮೆಂಟ್ ಮುಗಿದಿದೆ ಅನ್ನುವ ಒಂದೇ ಕಾರಣಕ್ಕೆ ಬೀಗ ಹಾಕುವ ಅಧಿಕಾರ ಯಾರಿಗೂ ಬರುವುದಿಲ್ಲ.

ಆದರೆ ಇನ್ನೊಂದು ಮಾತನ್ನೂ ನೇರವಾಗಿ ಹೇಳಿಬಿಡುತ್ತೇನೆ. ಕಾನೂನು ನಿಮಗೆ ಆ ಮನೆಯನ್ನು ಕೊಡುವುದಿಲ್ಲ. ಸಮಯ ಕೊಡುತ್ತದೆ.

ಯಾಕೆ ಅಂದರೆ, ಬಾಡಿಗೆದಾರರಿಗೆ ಗಟ್ಟಿ ರಕ್ಷಣೆ ಇರುವುದು 1999ರ ಕರ್ನಾಟಕ ಬಾಡಿಗೆ ಕಾಯ್ದೆಯಲ್ಲಿ. ಅದರ 27ನೇ ಸೆಕ್ಷನ್ ಪ್ರಕಾರ ಓನರ್ ಸರಿಯಾದ ಕಾರಣ ತೋರಿಸದೆ ಬಿಡಿಸುವಂತಿಲ್ಲ. ಆದರೆ ಬೆಂಗಳೂರಿನಂಥ ದೊಡ್ಡ ಊರುಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಬೇರೆ ಕಡೆ 2,000 ರೂಪಾಯಿ ಮೀರಿದ ಬಾಡಿಗೆಯ ಮನೆಗೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಇವತ್ತು ಬೆಂಗಳೂರಿನಲ್ಲಿ 3,500ಕ್ಕೆ ಒಂದು ರೂಮೂ ಸಿಗಲ್ಲ, ಅಲ್ವಾ? ಹಾಗಾಗಿ ನಿಮ್ಮ 11,000 ರೂಪಾಯಿಯ ಮನೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಕೆಳಗೆ ಬರುತ್ತದೆ. ಅಲ್ಲಿ ಓನರ್ ಕಾರಣವನ್ನೇ ಕೊಡಬೇಕಿಲ್ಲ. ಅಗ್ರಿಮೆಂಟ್ ಮುಗಿದ ಮೇಲೂ ಬಾಡಿಗೆ ತೆಗೆದುಕೊಳ್ಳುತ್ತಾ ಬಂದಿದ್ದರೆ ನೀವು ತಿಂಗಳ ಬಾಡಿಗೆದಾರರು ಅಂತ ಸಾಮಾನ್ಯವಾಗಿ ಎಣಿಸುತ್ತಾರೆ. ಅಂಥವರಿಗೆ 106ನೇ ಸೆಕ್ಷನ್ ಪ್ರಕಾರ 15 ದಿನದ ಲಿಖಿತ ನೋಟಿಸ್ ಕೊಟ್ಟರೆ ಸಾಕು. ನಿಮಗೆ ಕೊಟ್ಟಿರುವುದು ಏಳು ದಿನ, ಅದೂ ವಾಟ್ಸಾಪಿನಲ್ಲಿ. ಆ ಸೆಕ್ಷನ್‌ನಲ್ಲಿರುವ ದಾರಿಗಳು ಅಂಚೆ, ಕೈಗೆ ಕೊಡುವುದು, ಮನೆಯವರ ಕೈಗೆ ಕೊಡುವುದು, ಅದು ಯಾವುದೂ ಆಗದಿದ್ದರೆ ಬಾಗಿಲಿಗೆ ಅಂಟಿಸುವುದು. ಹಾಗಂತ ನೋಟಿಸೇ ಸರಿಯಿಲ್ಲ ಅಂತ ಸುಮ್ನೆ ಕೂರಬೇಡಿ. ಅವಧಿ ಕಡಿಮೆ ಇದ್ದರೂ 15 ದಿನ ಕಳೆದ ಮೇಲೆ ದಾವೆ ಹಾಕಿದರೆ ಅಷ್ಟಕ್ಕೇ ನೋಟಿಸ್ ಬಿದ್ದುಹೋಗುವುದಿಲ್ಲ ಅಂತ 2002ರ ತಿದ್ದುಪಡಿ ಹೇಳುತ್ತದೆ. ಸರಿಯಾದ ನೋಟಿಸ್ ನಾಳೆ ಸ್ಪೀಡ್ ಪೋಸ್ಟಿನಲ್ಲೂ ಬರಬಹುದು.

ಹಾಗಾಗಿ ನಿಮ್ಮ ಗುರಿ ಮೂರೇ ಇರಲಿ. ಬೀಗ ಬೀಳಬಾರದು. ಮಗಳ ಪರೀಕ್ಷೆ ಮುಗಿಯುವವರೆಗೆ ಸಮಯ ಸಿಗಬೇಕು. ಅಡ್ವಾನ್ಸ್ ಪೂರ್ತಿ ವಾಪಸ್ ಬರಬೇಕು. ಈ ಮೂರೂ ಸಾಧ್ಯ, ಮೂರಕ್ಕೂ ಉಚಿತ ವಕೀಲರು ಸಾಕು.

ಈಗ ಸಹಾಯ ಎಲ್ಲೆಲ್ಲಿದೆ ಅಂತ ನೋಡೋಣ.

15100ಕ್ಕೆ ಫೋನ್ ಮಾಡಿದಾಗ ಊರು, ವಿಷಯ ಹೇಳಿ. ಕೇಳಬೇಕಾದ ಮಾತು ಇದು: "ಬಾಡಿಗೆ ಮನೆಗೆ ಬೀಗ ಹಾಕುತ್ತೇವೆ ಅಂತ ಬೆದರಿಕೆ ಇದೆ, ಇಂಜಂಕ್ಷನ್‌ಗೆ ಪ್ಯಾನೆಲ್ ವಕೀಲರು ಬೇಕು, ತುರ್ತು ಇದೆ." ಇಂಜಂಕ್ಷನ್ ಅಂದರೆ ಕೋರ್ಟಿನ ತಡೆಯಾಜ್ಞೆ, ಪ್ಯಾನೆಲ್ ವಕೀಲರು ಅಂದರೆ ಪ್ರಾಧಿಕಾರದ ಪಟ್ಟಿಯಲ್ಲಿರುವ ವಕೀಲರು. ಬರೀ "ಮನೆ ಸಮಸ್ಯೆ" ಅಂದರೆ ಸಲಹೆ ಕೊಟ್ಟು ಇಟ್ಟುಬಿಡುವ ಸಾಧ್ಯತೆ ಇದೆ. ನಾಲ್ಸಾ ವೆಬ್‌ಸೈಟಿನಲ್ಲೂ ಮೊಬೈಲ್ ಆಪಿನಲ್ಲೂ ಅರ್ಜಿ ಹಾಕಬಹುದು. ಅದರಲ್ಲಿ ಯಾವ ಪ್ರಾಧಿಕಾರಕ್ಕೆ ಅಂತ ಕೇಳುತ್ತಾರೆ, ಜಿಲ್ಲಾ ಪ್ರಾಧಿಕಾರ, ಬೆಂಗಳೂರು ನಗರ ಅಂತ ಆರಿಸಿ. ಸುಪ್ರೀಂ ಕೋರ್ಟ್ ಸಮಿತಿ, ಹೈಕೋರ್ಟ್ ಸಮಿತಿ ಅಂತ ಮೇಲೇ ಕಾಣುತ್ತದೆ, ಅದನ್ನು ಒತ್ತಿದರೆ ಅರ್ಜಿ ಸುತ್ತಿ ಬಳಸಿ ಬರಬೇಕಾಗುತ್ತದೆ. ಅರ್ಜಿ ಸಂಖ್ಯೆಯ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ನಾಲ್ಸಾ ನಿಯಮದ ಪ್ರಕಾರ ಅರ್ಜಿಯನ್ನು ಏಳು ದಿನದೊಳಗೆ ತೀರ್ಮಾನಿಸಬೇಕು. ನಿಮಗೆ ಏಳು ದಿನ ಕಾಯುವಷ್ಟು ಪುರುಸೊತ್ತಿಲ್ಲ, ಆದ್ದರಿಂದ ಆನ್‌ಲೈನ್ ಅರ್ಜಿ ಹಾಕಿ, ಅದರ ಪ್ರಿಂಟ್ ಹಿಡಿದು ಒಂದು ದಿನ ರಜೆ ಹಾಕಿಯಾದರೂ ಕಚೇರಿಗೆ ಹೋಗಿ. ಕರ್ನಾಟಕ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರ ಇರುವುದು ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲ ಕಟ್ಟಡದಲ್ಲಿ. ಜಿಲ್ಲಾ ಪ್ರಾಧಿಕಾರದಲ್ಲಿ ಯಾರನ್ನು ನೋಡಬೇಕು ಅಂತ ಅಲ್ಲಿ ಹೇಳುತ್ತಾರೆ. ಬೇರೆ ಊರಿನವರು ಓದುತ್ತಿದ್ದರೆ, ಜಿಲ್ಲಾ ಕೋರ್ಟ್ ಆವರಣದಲ್ಲಿ ಜಿಲ್ಲಾ ಪ್ರಾಧಿಕಾರ, ತಾಲ್ಲೂಕು ಕೋರ್ಟಿನಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ ಇರುತ್ತದೆ. ಪುಣೆ, ಮುಂಬೈ, ಹೈದರಾಬಾದಿನಲ್ಲಿರುವ ನಮ್ಮವರಿಗೂ ನಂಬರ್ ಇದೇ, ಆದರೆ ಅಲ್ಲಿಯ ಬಾಡಿಗೆ ಕಾನೂನು ಬೇರೆ.

ಇಲ್ಲಿ ಸಿಗುವುದು ಬರೀ ವಕೀಲರ ಫೀಸ್ ಮಾತ್ರ ಅಲ್ಲ. ಕೋರ್ಟ್ ಶುಲ್ಕ, ಸಮನ್ಸ್ ಕಳಿಸುವ ಖರ್ಚು, ಡ್ರಾಫ್ಟಿಂಗ್, ಟೈಪಿಂಗ್, ಆದೇಶದ ನಕಲು, ಎಲ್ಲ ಪ್ರಾಧಿಕಾರದ್ದೇ. ಆದಾಯ ತೋರಿಸಬೇಕಾದವರಿಗೂ ಸಾಮಾನ್ಯವಾಗಿ ಒಂದು ಅಫಿಡವಿಟ್ ಸಾಕು ಅಂತ ಕಾಯ್ದೆಯಲ್ಲೇ ಇದೆ. ಇನ್‌ಕಮ್ ಸರ್ಟಿಫಿಕೇಟ್ ಇಲ್ಲ ಅಂತ ವಾಪಸ್ ಬರಬೇಡಿ.

ಇಲ್ಲೊಂದು ಮುಖ್ಯ ವಿಷಯ. ಅಗ್ರಿಮೆಂಟ್ ಯಾರ ಹೆಸರಿನಲ್ಲಿದೆ ಅಂತ ನೀವು ಬರೆದಿಲ್ಲ. ಯಜಮಾನರ ಹೆಸರಿನಲ್ಲಿದ್ದರೆ ಕಾನೂನಿನ ಕಣ್ಣಿಗೆ ಬಾಡಿಗೆದಾರರು ಅವರು, ಕೇಸಿನಲ್ಲೂ ಅವರೇ ಕಕ್ಷಿದಾರರು. ಹೆಂಗಸರು ಅನ್ನುವ ಕಾರಣಕ್ಕೆ ಸಿಗುವ ಸೌಲಭ್ಯ ಅವರಿಗೆ ಬರುವುದಿಲ್ಲ. ಆಗ ಅವರ ಆದಾಯ ವರ್ಷಕ್ಕೆ 3 ಲಕ್ಷದೊಳಗಿದೆ ಅಂತಲೋ, ಪರಿಶಿಷ್ಟ ಜಾತಿ ಅಥವಾ ಪಂಗಡದವರು ಅಂತಲೋ ಅರ್ಜಿ ಅವರೇ ಹಾಕಬೇಕು. ನಿಮ್ಮ ಹೆಸರಿನಲ್ಲಿದ್ದರೆ ಅಥವಾ ಇಬ್ಬರ ಹೆಸರಲ್ಲೂ ಇದ್ದರೆ ನೀವೇ ಹಾಕಿ. ಬಾಡಿಗೆ ಯಾರ ಫೋನ್‌ಪೇಯಿಂದ ಹೋಗುತ್ತಿತ್ತು ಅನ್ನುವುದನ್ನೂ ಅಲ್ಲಿ ಹೇಳಿ. ಇಬ್ಬರೂ ಜೊತೆಗೆ ಹೋದರೆ ಒಳ್ಳೆಯದು.

ಕಚೇರಿಗೆ ಹೋಗುವ ಮುಂಚೆ ಮನೆಯಿಂದಲೇ ಯಾರ ಹತ್ತಿರವಾದರೂ ಮಾತಾಡಬೇಕು ಅನ್ನಿಸಿದರೆ ಟೆಲಿ-ಲಾ ಇದೆ. ನಂಬರ್ 14454, ಆಪ್ ಕೂಡ ಇದೆ, ಇಲ್ಲವೇ ಹತ್ತಿರದ ಸಾಮಾನ್ಯ ಸೇವಾ ಕೇಂದ್ರಕ್ಕೆ ಹೋಗಿ ಹೆಸರು ಬರೆಸಬಹುದು. ಕೇಂದ್ರ ಕಾನೂನು ಸಚಿವಾಲಯದ ನ್ಯಾಯ ಇಲಾಖೆ ಇದನ್ನು 2017ರಲ್ಲಿ ಶುರು ಮಾಡಿತು. ಮೊದಲು ಕೆಲವರಿಗೆ ಸಣ್ಣ ಶುಲ್ಕ ಇತ್ತು, 2022ರಿಂದ ಎಲ್ಲರಿಗೂ ಉಚಿತ. ವಕೀಲರು ಫೋನಿನಲ್ಲೋ ವಿಡಿಯೋದಲ್ಲೋ ಸಲಹೆ ಕೊಡುತ್ತಾರೆ. ನೋಟಿಸಿಗೆ ಏನು ಉತ್ತರ ಬರೆಯಬೇಕು ಅಂತ ಕೇಳಲು ಇದು ಚೆನ್ನಾಗಿದೆ. ಆದರೆ ಅವರು ನಿಮ್ಮ ಪರವಾಗಿ ಕೋರ್ಟಿಗೆ ಬರುವುದಿಲ್ಲ. ತಡೆಯಾಜ್ಞೆ ಬೇಕಾದಾಗ ಪ್ಯಾನೆಲ್ ವಕೀಲರೇ ಬೇಕು. ಅದೇ ಇಲಾಖೆಯ ನ್ಯಾಯ ಬಂಧು ಆಪ್ ಇನ್ನೊಂದು ದಾರಿ. ಫೀಸ್ ಇಲ್ಲದೆ ಕೇಸ್ ನಡೆಸಲು ಹೆಸರು ಕೊಟ್ಟಿರುವ ವಕೀಲರ ಜೊತೆ ಅದು ಜೋಡಿಸುತ್ತದೆ, ಅದಕ್ಕೂ ಅರ್ಹತೆ ಇದೇ 12ನೇ ಸೆಕ್ಷನ್. ಬೆಂಗಳೂರಿನಲ್ಲಿ ಆಲ್ಟರ್ನೇಟಿವ್ ಲಾ ಫೋರಂ ಅನ್ನುವ ವಕೀಲರ ಸಂಸ್ಥೆ 2000ದಿಂದ ಬಡವರ ಪರ ಕೆಲಸ ಮಾಡುತ್ತಿದೆ. ಲಾ ಕಾಲೇಜುಗಳಲ್ಲಿ ಕಾನೂನು ನೆರವು ಕೇಂದ್ರಗಳಿರುತ್ತವೆ, ನೋಟಿಸ್ ಓದಿ ಅರ್ಥ ಹೇಳುವುದು, ಉತ್ತರ ಬರೆದುಕೊಡುವುದು, ಇಂಥ ಕೆಲಸಕ್ಕೆ ಅವರನ್ನು ಕೇಳಬಹುದು.

ಆ 499ರ ವಿಷಯಕ್ಕೆ ಬರುತ್ತೇನೆ. ಭಾರತದಲ್ಲಿ ವಕೀಲರು ಜಾಹೀರಾತು ಕೊಟ್ಟು ಕಕ್ಷಿದಾರರನ್ನು ಹಿಡಿಯುವುದನ್ನು, ವಕೀಲರನ್ನು ನೋಂದಾಯಿಸುವ ಬಾರ್ ಕೌನ್ಸಿಲ್‌ನ 36ನೇ ನಿಯಮ ನಿಷೇಧಿಸುತ್ತದೆ. 2024ರ ಜುಲೈನಲ್ಲಿ ಮದ್ರಾಸ್ ಹೈಕೋರ್ಟ್ ಕೂಡ ವೆಬ್‌ಸೈಟುಗಳಲ್ಲಿ ವಕೀಲರ ಸೇವೆ ಮಾರುವುದರ ವಿರುದ್ಧ ಖಡಕ್ಕಾಗಿ ತೀರ್ಪು ಕೊಟ್ಟಿದೆ. ಆದ್ದರಿಂದ ಹುಡುಕಿದಾಗ ಮೊದಲು ಬರುವ ಹೆಸರು ಒಳ್ಳೆಯ ವಕೀಲರದ್ದೇ ಆಗಿರುತ್ತದೆ ಅನ್ನುವ ಖಾತ್ರಿ ಇಲ್ಲ. ಸರ್ಕಾರಿ ವೆಬ್‌ಸೈಟ್ ವಿಳಾಸ ಗವ್ ಡಾಟ್ ಇನ್ ಅಂತ ಮುಗಿಯುತ್ತದೆಯೇ ನೋಡಿ. ಒಟಿಪಿ ಕೇಳಿದರೆ, "ಪ್ರೊಸೆಸಿಂಗ್ ಫೀ" ಅಂದರೆ, ಫೋನ್ ಇಡಿ. ದುಡ್ಡು ಕೊಟ್ಟೇ ವಕೀಲರನ್ನು ಇಟ್ಟುಕೊಳ್ಳುವ ಪರಿಸ್ಥಿತಿ ಬಂದರೆ ಅವರ ಎನ್‌ರೋಲ್‌ಮೆಂಟ್ ನಂಬರ್ ಕೇಳಿ. ಕರ್ನಾಟಕದ್ದು ಕೆಎಆರ್, ಒಂದು ಸಂಖ್ಯೆ, ಸೇರಿದ ವರ್ಷ, ಹೀಗಿರುತ್ತದೆ. ನೋಟಿಸಿಗೆ ಉತ್ತರ ಬರೆಯಲು ಎಷ್ಟು, ಇಂಜಂಕ್ಷನ್ ದಾವೆಗೆ ಒಟ್ಟು ಎಷ್ಟು ಅಂತ ಮೊದಲೇ ಬರೆಸಿಕೊಳ್ಳಿ. ಪ್ರತಿ ತಾರೀಕಿಗೆ ಇಷ್ಟು ಅನ್ನುವ ಒಪ್ಪಂದ ನಿಮ್ಮಂಥವರಿಗೆ ಕೊನೆಗೆ ಬಹಳ ದುಬಾರಿ ಆಗುತ್ತದೆ.

ಯೂಟ್ಯೂಬ್ ವಿಡಿಯೋಗಳ ಬಗ್ಗೆಯೂ ಎಚ್ಚರ. ಹಿಂದಿಯ ಎಷ್ಟೋ ವಿಡಿಯೋಗಳು ದೆಹಲಿ, ಮಹಾರಾಷ್ಟ್ರದ ಬಾಡಿಗೆ ಕಾನೂನು ಹೇಳುತ್ತವೆ. ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಅಡ್ವಾನ್ಸ್ ತಗೊಳ್ಳುವಂತಿಲ್ಲ ಅನ್ನುವ ಮಾತು 2021ರ ಮಾದರಿ ಬಾಡಿಗೆ ಕಾಯ್ದೆಯದು. ಅದು ಕೇಂದ್ರ ಸರ್ಕಾರ ರಾಜ್ಯಗಳಿಗೆ ಕೊಟ್ಟ ಮಾದರಿ. ರಾಜ್ಯ ತನ್ನದೇ ಕಾನೂನು ಮಾಡಿದರೆ ಮಾತ್ರ ಅದಕ್ಕೆ ಬಲ. 12 ವರ್ಷ ಇದ್ದರೆ ಮನೆ ಬಾಡಿಗೆದಾರರದ್ದೇ ಆಗುತ್ತದೆ ಅನ್ನುವುದನ್ನಂತೂ ನಂಬಲೇಬೇಡಿ. ಬಾಡಿಗೆ ಕಟ್ಟಿ ಇರುವವರು ಓನರ್ ಒಪ್ಪಿಗೆಯ ಮೇಲೆ ಇರುವವರು, ಅವರಿಗೆ ಹಾಗೆ ಮಾಲೀಕತ್ವ ಬರುವುದಿಲ್ಲ.

ಇನ್ನು ಇವತ್ತು ರಾತ್ರಿಯೇ ಮನೆಯಲ್ಲಿ ಕೂತು ಮಾಡಬಹುದಾದ ಕೆಲಸ. ಫೋನ್‌ಪೇ ಅಥವಾ ಬ್ಯಾಂಕ್ ಸ್ಟೇಟ್‌ಮೆಂಟ್ ಡೌನ್‌ಲೋಡ್ ಮಾಡಿ, ಬಾಡಿಗೆ ಹೋದ ಸಾಲುಗಳಿಗೆಲ್ಲ ಗುರುತು ಹಾಕಿ. ಹಳೆಯ ಅಗ್ರಿಮೆಂಟಿನ ಪ್ರತಿ ಪುಟದ ಫೋಟೋ ತೆಗೆಯಿರಿ, 80,000 ಅಡ್ವಾನ್ಸ್ ಬರೆದಿರುವ ಪುಟ ಬಹಳ ಮುಖ್ಯ. ಕರೆಂಟ್ ಬಿಲ್, ಗ್ಯಾಸ್ ಬುಕ್, ಆಧಾರ್, ರೇಷನ್ ಕಾರ್ಡ್, ಮಗಳ ಶಾಲೆಯ ದಾಖಲೆ, ಇವುಗಳಲ್ಲಿ ಈ ಮನೆಯ ವಿಳಾಸ ಇರುವುದನ್ನೆಲ್ಲ ಒಂದು ಕವರಿನಲ್ಲಿ ಹಾಕಿಡಿ. ನೀವು ಅಲ್ಲಿ ವಾಸವಿದ್ದೀರಿ ಅನ್ನುವುದಕ್ಕೆ ಇದೇ ಸಾಕ್ಷಿ. ತಡೆಯಾಜ್ಞೆ ಕೇಳುವಾಗ ನ್ಯಾಯಾಧೀಶರು ಮೊದಲು ನೋಡುವುದೂ ಅದನ್ನೇ. ವಾಟ್ಸಾಪ್ ನೋಟಿಸನ್ನೂ ಓನರ್ ಮೆಸೇಜುಗಳನ್ನೂ ಅಳಿಸಬೇಡಿ, ಆ ಫೋನ್ ಬದಲಾಯಿಸಬೇಡಿ. ಮೊಬೈಲಿನ ದಾಖಲೆ ಕೋರ್ಟಿಗೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಬೇಕು, ಅದನ್ನು ವಕೀಲರು ಮಾಡಿಸುತ್ತಾರೆ. ಅಡ್ವಾನ್ಸ್ ನಗದಾಗಿ ಕೊಟ್ಟಿದ್ದು, ಅಗ್ರಿಮೆಂಟಿನಲ್ಲಿ ಕಡಿಮೆ ಬರೆಸಿದ್ದರೆ, "ಸಾರ್, ನಾವು ಕೊಟ್ಟ 80,000 ಯಾವಾಗ ವಾಪಸ್ ಕೊಡುತ್ತೀರಿ" ಅಂತ ಓನರಿಗೆ ಮೆಸೇಜ್ ಮಾಡಿ. ಅವರು ಅದಕ್ಕೆ ಏನೇ ಉತ್ತರ ಕೊಟ್ಟರೂ, ಮೊತ್ತ ಅಲ್ಲಗಳೆಯದೆ ಇದ್ದರೆ, ಅದು ನಿಮ್ಮ ಕೈಗೆ ಸಿಕ್ಕ ದಾಖಲೆ.

ನೋಟಿಸಿಗೆ ಉತ್ತರ ಕೊಡಲೇಬೇಕು. ತುಂಬ ಜನ ಇಲ್ಲಿ ಎಡವುತ್ತಾರೆ. ಹೆದರಿಕೆಗೆ "ಸಾರ್, ಒಂದೆರಡು ತಿಂಗಳು ಟೈಮ್ ಕೊಡಿ, ಖಾಲಿ ಮಾಡ್ತೀವಿ" ಅಂತ ಮೆಸೇಜ್ ಹಾಕಿಬಿಡುತ್ತಾರೆ. ಆ ಮಾತನ್ನು ಆಮೇಲೆ ಕೋರ್ಟಿನಲ್ಲಿ ನಿಮ್ಮ ವಿರುದ್ಧವೇ ತೋರಿಸುತ್ತಾರೆ. ವಕೀಲರು ಸಿಗುವ ತನಕ ಕನ್ನಡದಲ್ಲೇ ಹೀಗೆ ಬರೆದು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ, ಫೋಟೋವನ್ನು ವಾಟ್ಸಾಪಿನಲ್ಲೂ ಹಾಕಿ:

"ನಿಮ್ಮ ಇಂಥ ದಿನಾಂಕದ ನೋಟಿಸ್ ವಾಟ್ಸಾಪಿನಲ್ಲಿ ಬಂದಿದೆ. ನಾವು ಈ ಮನೆಯಲ್ಲಿ ಬಾಡಿಗೆದಾರರಾಗಿ ವಾಸವಿದ್ದೇವೆ, ಬಾಡಿಗೆ ಬಾಕಿ ಇಲ್ಲ. 80,000 ರೂಪಾಯಿ ಅಡ್ವಾನ್ಸ್ ತಮ್ಮ ಬಳಿ ಇದೆ. ಕೋರ್ಟಿನ ಆದೇಶವಿಲ್ಲದೆ ಮನೆಗೆ ಬೀಗ ಹಾಕುವುದಾಗಲಿ, ನೀರು ಮತ್ತು ಕರೆಂಟ್ ನಿಲ್ಲಿಸುವುದಾಗಲಿ ಮಾಡಬಾರದು. ಇಂಥ ದಿನದಿಂದ ನಿಲ್ಲಿಸಿರುವ ನೀರನ್ನು ತಕ್ಷಣ ಬಿಡಬೇಕು. ವಿವರವಾದ ಉತ್ತರವನ್ನು ನಮ್ಮ ವಕೀಲರ ಮೂಲಕ ಕೊಡುತ್ತೇವೆ."

ಅಷ್ಟೇ ಸಾಕು. ಜಗಳದ ಮಾತು, ಶಾಪ, ಹಳೆಯ ಕಥೆ ಬೇಡ. ಖಾಲಿ ಸ್ಟಾಂಪ್ ಪೇಪರಿಗೆ ಸಹಿ ಅಂತೂ ಯಾರು ಹೇಳಿದರೂ ಹಾಕಬೇಡಿ.

ಬಾಡಿಗೆ ಕಟ್ಟುವುದನ್ನೂ ನಿಲ್ಲಿಸಬೇಡಿ. "ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳಲಿ ಬಿಡಿ" ಅಂತ ಅಕ್ಕಪಕ್ಕದವರು ಹೇಳುತ್ತಾರೆ. ಓನರ್ ಬರವಣಿಗೆಯಲ್ಲಿ ಒಪ್ಪದೆ ಹಾಗೆ ಮಾಡಿದರೆ ಕೋರ್ಟಿನಲ್ಲಿ ಬಾಕಿದಾರರು ಅಂತ ನಿಲ್ಲಬೇಕಾಗುತ್ತದೆ. ಓನರ್ ನಂಬರ್ ಬ್ಲಾಕ್ ಮಾಡಿದರೆ ಅವರ ಬ್ಯಾಂಕ್ ಖಾತೆಗೆ ಹಾಕಿ. ಅದೂ ಆಗದಿದ್ದರೆ ದುಡ್ಡು ಬೇರೆ ಎತ್ತಿಟ್ಟು, "ಬಾಡಿಗೆ ಕೊಡಲು ಸಿದ್ಧವಿದ್ದೇವೆ, ಹೇಗೆ ಕಳಿಸಬೇಕು ತಿಳಿಸಿ" ಅಂತ ಸ್ಪೀಡ್ ಪೋಸ್ಟ್ ಮಾಡಿ.

ನೀರಿನ ವಿಷಯ ನನಗೆ ಜಾಸ್ತಿ ಚಿಂತೆ ಹುಟ್ಟಿಸುತ್ತಿದೆ. ಮೊದಲು ನೀರು, ಆಮೇಲೆ ಕರೆಂಟ್, ಆಮೇಲೆ ಬೀಗ, ಇದೇ ಕ್ರಮದಲ್ಲಿ ಬರುತ್ತದೆ. ಬೀಗ ಬೀಳುವುದೂ ಹೆಚ್ಚಾಗಿ ಶುಕ್ರವಾರ ಸಂಜೆಯೋ ಹಬ್ಬದ ಹಿಂದಿನ ದಿನವೋ, ಕೋರ್ಟಿಗೆ ರಜೆ ಬರುವ ಹೊತ್ತು ನೋಡಿ. ಹಾಗಾಗಿ ನಾಳೆಯೇ ಪೊಲೀಸ್ ಸ್ಟೇಷನ್ನಿಗೆ ಬರವಣಿಗೆಯಲ್ಲಿ ದೂರು ಕೊಟ್ಟು ಸ್ವೀಕೃತಿ ತಗೊಳ್ಳಿ. "ಇದು ಸಿವಿಲ್ ಮ್ಯಾಟರ್, ಕೋರ್ಟಿಗೆ ಹೋಗಿ" ಅನ್ನುತ್ತಾರೆ. ಆಗ ಸಮಾಧಾನವಾಗಿ ಹೇಳಿ: "ಸಾರ್, ಮನೆ ಯಾರದ್ದು ಅಂತ ತೀರ್ಮಾನ ಮಾಡಿ ಅಂತ ನಾವು ಕೇಳುತ್ತಿಲ್ಲ. ಬಲವಂತವಾಗಿ ಹೊರಗೆ ಹಾಕುತ್ತೇವೆ ಅಂತ ಬೆದರಿಕೆ ಇದೆ, ಅದನ್ನು ತಡೆಯಿರಿ." ಬೆದರಿಕೆ ಭಾರತೀಯ ನ್ಯಾಯ ಸಂಹಿತೆಯ 351ನೇ ಸೆಕ್ಷನ್‌ಗೆ ಬರುತ್ತದೆ, ಅಕ್ರಮವಾಗಿ ಮನೆಗೆ ನುಗ್ಗುವುದು 329ಕ್ಕೆ, ದಾರಿ ತಡೆಯುವುದು 126ಕ್ಕೆ. ದೂರಿನಲ್ಲಿ ಈ ಸಂಖ್ಯೆಗಳನ್ನು ಬರೆದರೆ ಮಾತು ಸ್ವಲ್ಪ ಬೇರೆ ರೀತಿ ಕೇಳಿಸುತ್ತದೆ. ಗುಂಪು ಬಂದು ಬಾಗಿಲು ಬಡಿದರೆ 112. ಕರೆಂಟ್ ಕತ್ತರಿಸಿದರೆ ಬೆಸ್ಕಾಂ 1912ಕ್ಕೆ ದೂರು ಕೊಟ್ಟು ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ವಿದ್ಯುತ್ ಮೂಲಭೂತ ಸೌಕರ್ಯ, ಓನರ್ ಒಪ್ಪಿಗೆ ಪತ್ರ ಕೊಡಲಿಲ್ಲ ಅನ್ನುವ ಕಾರಣಕ್ಕೆ ಬಾಡಿಗೆದಾರರಿಗೆ ಅದನ್ನು ನಿರಾಕರಿಸುವಂತಿಲ್ಲ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಪ್ಯಾನೆಲ್ ವಕೀಲರು ಸಿಕ್ಕ ಮೇಲೆ ಎರಡು ಕೆಲಸ ಕೇಳಿ. ಒಂದು, ಬಲವಂತವಾಗಿ ಬಿಡಿಸಬಾರದು ಅಂತ ಇಂಜಂಕ್ಷನ್ ದಾವೆ, ಅದರ ಜೊತೆಗೇ ತಾತ್ಕಾಲಿಕ ತಡೆಯಾಜ್ಞೆಯ ಅರ್ಜಿ. ನೀರು ನಿಲ್ಲಿಸಿದ್ದನ್ನೂ ಅದರಲ್ಲೇ ಸೇರಿಸಲಿ. ಇನ್ನೊಂದು, ಕೇವಿಯಟ್. ಓನರ್ ಕೋರ್ಟಿಗೆ ಹೋದರೆ ನಮ್ಮ ಮಾತು ಕೇಳದೆ ಆದೇಶ ಕೊಡಬೇಡಿ ಅಂತ ಮೊದಲೇ ಹಾಕುವ ಅರ್ಜಿ ಅದು. 90 ದಿನ ಜೀವಂತ ಇರುತ್ತದೆ. ಅಕಸ್ಮಾತ್ ಬೀಗ ಬಿದ್ದೇ ಬಿಟ್ಟರೂ ಕೈ ಚೆಲ್ಲಬೇಡಿ. ಬೀಗದ ಫೋಟೋ ತೆಗೆಯಿರಿ, ಒಳಗಿರುವ ಸಾಮಾನಿನ ಪಟ್ಟಿ ಮಾಡಿ, 112ಕ್ಕೆ ಕರೆ ಮಾಡಿ. ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನ್‌ನಲ್ಲಿ ಸ್ವಾಧೀನ ವಾಪಸ್ ಕೇಳಬಹುದು. ಅಲ್ಲಿ ಮನೆ ಯಾರದ್ದು ಅನ್ನುವ ಚರ್ಚೆಯೇ ಇಲ್ಲ, ಯಾರು ಇದ್ದರು, ಯಾರು ಬಲವಂತವಾಗಿ ಬಿಡಿಸಿದರು ಅನ್ನುವುದಷ್ಟೇ. ಆದರೆ ಆರು ತಿಂಗಳೊಳಗೆ ದಾವೆ ಹಾಕಬೇಕು.

ಓನರ್ ಕಡೆಯಿಂದ ಕೋರ್ಟ್ ಸಮನ್ಸ್ ಬಂದರೆ ಅದನ್ನು ತಗೊಳ್ಳಿ. ತಗೊಳ್ಳದಿದ್ದರೆ ಕೇಸ್ ನಿಲ್ಲುತ್ತದೆ ಅನ್ನುವುದು ತಪ್ಪು, ಬಾಗಿಲಿಗೆ ಅಂಟಿಸಿ ಹೋಗುತ್ತಾರೆ, ನೀವು ಇಲ್ಲದೆಯೇ ಎಕ್ಸ್‌ಪಾರ್ಟಿ ತೀರ್ಪು ಆಗುತ್ತದೆ. ಸಮನ್ಸ್ ಸಿಕ್ಕ ದಿನದಿಂದ 30 ದಿನದೊಳಗೆ ಲಿಖಿತ ಹೇಳಿಕೆ ಕೊಡಬೇಕು, ಕೋರ್ಟ್ ಒಪ್ಪಿದರೆ 90 ದಿನದವರೆಗೆ. ಬೆಂಗಳೂರಿನಲ್ಲಿ ಇಂಥ ತೆರವು ದಾವೆ ಸಾಮಾನ್ಯವಾಗಿ ಸ್ಮಾಲ್ ಕಾಸಸ್ ಕೋರ್ಟಿಗೆ, ಅಂದರೆ ಸಣ್ಣ ವ್ಯಾಜ್ಯಗಳ ಕೋರ್ಟಿಗೆ ಹೋಗುತ್ತದೆ. ಇ-ಕೋರ್ಟ್ಸ್ ಆಪಿನಲ್ಲಿ ನಿಮ್ಮ ಕೇಸನ್ನು ಗುರುತಿಸುವ 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರ್ ಹಾಕಿದರೆ ಮುಂದಿನ ತಾರೀಕು ಯಾವಾಗ, ಹೋದ ತಾರೀಕಿನಲ್ಲಿ ಏನಾಯಿತು ಎಲ್ಲ ಕಾಣುತ್ತದೆ. ಅದನ್ನು ನೀವೇ ನೋಡುವ ಅಭ್ಯಾಸ ಮಾಡಿಕೊಳ್ಳಿ, ಮಗಳು ಐದು ನಿಮಿಷದಲ್ಲಿ ಹೇಳಿಕೊಡುತ್ತಾಳೆ. ಉಚಿತ ವಕೀಲರಲ್ಲಿ ಬಹಳ ಶ್ರದ್ಧೆಯಿಂದ ಮಾಡುವವರೂ ಇದ್ದಾರೆ, ಮುಂದಕ್ಕೆ ತಳ್ಳುವವರೂ ಇದ್ದಾರೆ. ತಾರೀಕಿಗೆ ಬರದಿದ್ದರೆ, ಫೋನ್ ಎತ್ತದಿದ್ದರೆ, "ಖರ್ಚಿಗೆ" ಅಂತ ದುಡ್ಡು ಕೇಳಿದರೆ ಜಿಲ್ಲಾ ಪ್ರಾಧಿಕಾರದ ಸದಸ್ಯ ಕಾರ್ಯದರ್ಶಿಗೆ ಬರೆದು ಕೊಡಿ. ಅವರು ನ್ಯಾಯಾಧೀಶರೇ ಆಗಿರುತ್ತಾರೆ. ವಕೀಲರನ್ನು ಬದಲಾಯಿಸಿಕೊಡಿ ಅಂತ ಕೇಳುವುದಕ್ಕೆ ಹಿಂಜರಿಯಬೇಡಿ.

ಬಾಡಿಗೆ ಇಲ್ಲದೆ ದೊಡ್ಡ ಮೊತ್ತ ಕೊಟ್ಟು "ಲೀಸ್"ಗೆ ಇರುವವರಿಗೂ ಒಂದು ಮಾತು. ಓನರ್ ಸಾಲ ತೀರಿಸದೆ ಬ್ಯಾಂಕಿನವರು ಬಾಗಿಲಿಗೆ ಸರ್ಫೇಸಿ ನೋಟಿಸ್ (ಅಡವಿಟ್ಟ ಆಸ್ತಿಯನ್ನು ಬ್ಯಾಂಕ್ ವಶಕ್ಕೆ ತಗೊಳ್ಳುವ ಕಾನೂನಿನ ನೋಟಿಸ್) ಅಂಟಿಸಿದ್ದರೆ ಮೇಲೆ ಹೇಳಿದ ಸಿವಿಲ್ ಕೋರ್ಟ್ ದಾರಿ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬೇಕು, ಸಮಯ 45 ದಿನ ಮಾತ್ರ. ಒಂದು ವರ್ಷಕ್ಕಿಂತ ಹೆಚ್ಚಿನ ಲೀಸ್ ರಿಜಿಸ್ಟರ್ ಆಗಿಲ್ಲದಿದ್ದರೆ ಪರಿಸ್ಥಿತಿ ಕಷ್ಟ. ಕಾನೂನು ನೆರವು ನ್ಯಾಯಮಂಡಳಿಗಳಿಗೂ ಸಿಗುತ್ತದೆ, ಆದ್ದರಿಂದ 15100ಕ್ಕೆ ಅವತ್ತೇ ಫೋನ್ ಮಾಡಿ.

ಮತ್ತೆ ನಿಮ್ಮ ವಿಷಯಕ್ಕೆ. ತಡೆಯಾಜ್ಞೆ ಸಿಕ್ಕ ಮೇಲೆ, ಅಥವಾ ಅದಕ್ಕೂ ಮೊದಲೇ, ನಾನು ಹೇಳುವುದು ರಾಜಿ. ಜಿಲ್ಲಾ ಪ್ರಾಧಿಕಾರದಲ್ಲಿ ಕೇಸ್ ಹಾಕುವ ಮುಂಚೆಯೇ ಒಂದು ಅರ್ಜಿ ಕೊಡಬಹುದು, ಶುಲ್ಕ ಇಲ್ಲ. ಅವರು ಓನರನ್ನು ಕರೆಸುತ್ತಾರೆ. ಓನರಿಗೆ ಬೇಕಾಗಿರುವುದು ಕಟ್ಟಡ ಒಡೆಯುವ ಒಂದು ಖಚಿತ ದಿನಾಂಕ, ನಿಮಗೆ ಬೇಕಾಗಿರುವುದು ಪರೀಕ್ಷೆವರೆಗಿನ ಸಮಯ ಮತ್ತು ಆ 80,000. ವರ್ಷಗಟ್ಟಲೆ ಕೋರ್ಟಿಗೆ ಅಲೆಯುವುದು ಅವರಿಗೂ ನಷ್ಟವೇ, ಹಾಗಾಗಿ ಇಬ್ಬರೂ ಒಪ್ಪುವ ಜಾಗ ಇಲ್ಲಿದೆ. ಪ್ರಾಧಿಕಾರವೇ ನಡೆಸುವ ರಾಜಿ ವೇದಿಕೆಯಾದ ಲೋಕ ಅದಾಲತ್‌ನಲ್ಲಿ ಆದ ರಾಜಿಗೆ ಸಿವಿಲ್ ಕೋರ್ಟಿನ ಡಿಕ್ರಿಯಷ್ಟೇ ಬಲ ಇದೆ, ಓನರ್ ಆಮೇಲೆ ದುಡ್ಡು ಕೊಡದಿದ್ದರೆ ನೇರವಾಗಿ ಜಾರಿ ಮಾಡಿಸಬಹುದು. ಆದರೆ ಅದರ ಮೇಲೆ ಅಪೀಲು ಇಲ್ಲ, ಅದು ನಿಮಗೂ ಅನ್ವಯಿಸುತ್ತದೆ. ಆದ್ದರಿಂದ ಸಹಿ ಹಾಕುವ ಮೊದಲು ಕನ್ನಡದಲ್ಲಿ ಓದಿಸಿ ಕೇಳಿ.

ರಾಜಿ ಪತ್ರದಲ್ಲಿ ಇವು ಇರಲೇಬೇಕು: ಖಾಲಿ ಮಾಡುವ ದಿನಾಂಕ, ಅದು ಪರೀಕ್ಷೆಯ ಕೊನೆಯ ದಿನ ಕಳೆದು ಮನೆ ಹುಡುಕಿ ಸಾಮಾನು ಸಾಗಿಸಲು ಸಮಯ ಸಿಗುವಂತಿರಲಿ. ಅಲ್ಲಿಯವರೆಗೆ ನೀರು ಮತ್ತು ಕರೆಂಟ್ ನಿಲ್ಲಿಸುವುದಿಲ್ಲ ಅನ್ನುವ ಮಾತು. ಅಡ್ವಾನ್ಸಿನಲ್ಲಿ ಎಷ್ಟು ಮುರಿಯುತ್ತಾರೆ ಅನ್ನುವ ಲೆಕ್ಕ. ಪೇಂಟಿಂಗಿಗೆ ಅಂತ ಒಂದು ತಿಂಗಳ ಬಾಡಿಗೆ ಮುರಿಯುವ ರೂಢಿ ಬೆಂಗಳೂರಿನಲ್ಲಿದೆ, ಆದರೆ ಒಡೆಯಲು ಹೊರಟಿರುವ ಮನೆಗೆ ಪೇಂಟಿಂಗ್ ಯಾಕೆ ಅಂತ ನೀವು ಧೈರ್ಯವಾಗಿ ಕೇಳಿ. ಹೊಸ ಮನೆಗೆ ಅಡ್ವಾನ್ಸ್ ಕೊಡಬೇಕಾಗುತ್ತದೆ, ಹಾಗಾಗಿ ಅರ್ಧ ದುಡ್ಡು ಮೊದಲೇ, ಉಳಿದದ್ದು ಬೀಗದ ಕೈ ಕೊಡುವಾಗ ಅಂತ ಬರೆಸಿದರೆ ನಿಮಗೆ ಅನುಕೂಲ. ಬೀಗದ ಕೈ ಕೊಡುವ ದಿನ ಖಾಲಿ ಮನೆಯ ವಿಡಿಯೋ ಮಾಡಿ, ಮೀಟರ್ ರೀಡಿಂಗ್ ಫೋಟೋ ತೆಗೆಯಿರಿ, ಕೊನೆಯ ಕರೆಂಟ್ ಬಿಲ್ ಕಟ್ಟಿದ ರಸೀದಿ ಇಟ್ಟುಕೊಳ್ಳಿ. ದುಡ್ಡು ಖಾತೆಗೆ ಬಂದ ಮೆಸೇಜ್ ನೋಡಿದ ಮೇಲೆ ಬೀಗದ ಕೈ ಕೊಡಿ, ಅದಕ್ಕೆ ಮೊದಲು ಬೇಡ.